ಲೋಯಾಂಗಿಗೆ ಹದಿನಾಲ್ಕನೇ ಪ್ಲಾನು

ಲೋಯಾಂಗ್ ಪ್ರವಾಸದ ಮೊದಲನೇ ಪ್ಲಾನನ್ನು ಹಿರಿಯ ಸೊಸೆ ಯಾಜೆನ್ ಏಪ್ರಿಲ್ ನಾಲ್ಕರ ಮಧ್ಯಾಹ್ನ ಮಂಡಿಸಿದಳು. ಹಿರಿಯರ ಸಮಾಧಿ ಗುಡಿಸುವ ಹಬ್ಬ ಅಂದು. ಮಾವನ ಗೋರಿಯ ಮೇಲಿನ ಹುಲ್ಲು ಕಿತ್ತು, ಸತ್ತವರ ಖರ್ಚಿಗೆಂದು ಕಾಗದದ ನೋಟು ಸುಟ್ಟು ಮನೆಗೆ ಬಂದವರ ಕೈಯ ಮಸಿ ಇನ್ನೂ ಸರಿಯಾಗಿ ಹೋಗಿರಲಿಲ್ಲ. ಅವಳು ಊಟದ ಮೇಜಿನ ನಡುವಿದ್ದ ಪಕ್ಕೆಲುಬಿನ ತಟ್ಟೆಯನ್ನು ಅತ್ತ ಸರಿಸಿ, ಸೋಯಾ ಸಾಸಿನ ಬಾಟಲಿಗೆ ಫೋನು ಒರಗಿಸಿ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡಳು. ಇಪ್ಪತ್ತು ವರ್ಷ ಬಡಾವಣೆಯ ನಿವಾಸಿಗಳ ಸಮಿತಿಯಲ್ಲಿ ಅಧಿಕಾರ ನಡೆಸಿ ನಿವೃತ್ತಳಾದ ಹೆಂಗಸು. ಕಸದ ಬುಟ್ಟಿ ಎಲ್ಲಿಡಬೇಕು, ಹಾಸಿಗೆ ಯಾವ ಕಟಕಟೆಯ ಮೇಲೆ ಒಣಹಾಕಬಾರದು ಎಂದು ನೋಟಿಸು ಅಂಟಿಸಿ ಅಂಟಿಸಿ, ಅಂಕಿ ಹಾಕದೆ ಮಾತಾಡುವುದೇ ಅವಳಿಗೆ ಮರೆತುಹೋಗಿತ್ತು.

"ಒಂದು," ಎಂದಳು ಯಾಜೆನ್. "ಮೇ ಒಂದರಿಂದ ಐದು, ಕಾರ್ಮಿಕರ ದಿನದ ರಜೆ, ಎಲ್ಲರಿಗೂ ಬಿಡುವು. ಎರಡು, ಲೋಯಾಂಗ್. ಹದಿಮೂರು ರಾಜವಂಶ ಆಳಿದ ಊರು. ಮೂರು, ಪಿಯೋನಿ ಹೂವು. ಅಮ್ಮನಿಗೆ ಎಪ್ಪತ್ತೊಂಬತ್ತು ಆಯ್ತು, ಇವತ್ತಿನವರೆಗೂ ಒಂದು ಪಿಯೋನಿ ಕಣ್ಣಾರೆ ಕಂಡಿಲ್ಲ. ಈ ಸಲ ಕಾಣ್ತಾರೆ. ನಾನು ತೋರಿಸ್ತೀನಿ."

ಮೇಜಿನ ಆ ತುದಿಯಲ್ಲಿ ಕೂತಿದ್ದ ಕಿರಿಯ ಸೊಸೆ ಶೂಮಿನ್‌ಳ ಕೈಯ ಊಟದ ಕಡ್ಡಿ ಬಟ್ಟಲಿನ ಮೇಲೇ ನಿಂತಿತು. ಅಲ್ಲಿದ್ದ ಐವರಲ್ಲಿ ಲೋಯಾಂಗಿನವಳು ಅವಳೊಬ್ಬಳೇ. ಇಪ್ಪತ್ತೆರಡು ತುಂಬುವವರೆಗೆ ಅಲ್ಲೇ, ಟ್ರ್ಯಾಕ್ಟರ್ ಕಾರ್ಖಾನೆಯ ಕೆಲಸಗಾರರ ವಸಾಹತಿನಲ್ಲಿ ಬೆಳೆದವಳು. ಪಿಯೋನಿ ಯಾವಾಗ ಅರಳುತ್ತದೆ ಎಂದು ಅವಳನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯಾಳು. ಏಪ್ರಿಲ್ ಮೊದಲ ವಾರಕ್ಕೆ ಶುರು, ಇಪ್ಪತ್ತರ ಆಸುಪಾಸಿಗೆ ಇಳಿಮುಖ, ತಡವಾಗಿ ಬಿಡುವ ಜಾತಿಯವು ಇನ್ನೊಂದು ನಾಲ್ಕು ದಿನ ಹೆಚ್ಚಿಗೆ ಎಳೆದಾವು. ಮೇ ಒಂದಕ್ಕೆ ಹೋದವರಿಗೆ ಗಿಡದಲ್ಲಿ ಸಿಗುವುದು ಎಲೆ. ಹೇಳಬೇಕಾಗಿದ್ದದ್ದು ಒಂದೇ ಒಂದು ವಾಕ್ಯ. ಹೇಳಲೆಂದು ಅವಳು ಬಾಯಿ ತೆರೆದದ್ದೂ ನಿಜ.

ಅಷ್ಟರಲ್ಲಿ ಯಾಜೆನ್‌ಳ ಗಂಡ ಫುಗೆನ್ ಪಕ್ಕೆಲುಬಿನ ಮೂಳೆಯನ್ನು ಬಾಯಿಂದ ತೆಗೆದು, "ಹೆನಾನಿಗಾ? ಹಾಗಾದ್ರೆ ಇಲ್ಲಿಂದಲೇ ಒಂದು ಮೋರಿ ಮುಚ್ಚಳ ಹೊತ್ಕೊಂಡು ಹೋಗೋಣ. ಅಲ್ಲಿ ರಸ್ತೇಲಿ ಒಂದಾದ್ರೂ ಇರುತ್ತೋ ಇಲ್ವೋ!" ಎಂದ. ಎಂದು ತಾನೇ ಮೊದಲು ನಕ್ಕ. "ಶೂಮಿನ್, ಬೇಜಾರು ಮಾಡ್ಕೋಬೇಡಮ್ಮ. ತಮಾಷೆಗೆ."

ಶೂಮಿನ್ ಬಾಯಿ ಮುಚ್ಚಿಕೊಂಡಳು. ಒಂದು ತುಂಡು ಮಾಂಸ ಎತ್ತಿ ಬಾಯಿಗಿಟ್ಟಳು. ಗಂಡನ ಊರಾದ ವೂಶಿಯವರ ಅಡಿಗೆ, ಮಾಂಸಕ್ಕೂ ಸಕ್ಕರೆ, ಸೊಪ್ಪಿಗೂ ಸಕ್ಕರೆ. ನಾಲಿಗೆಗೆ ಇಷ್ಟು ಸಿಹಿ ಹಚ್ಚಿಕೊಂಡೂ ಇವರ ಬಾಯಲ್ಲಿ ಬರುವ ಮಾತು ಮಾತ್ರ ಇಂಥದ್ದು ಎಂದು ಅವಳು ಈ ಮನೆಗೆ ಕಾಲಿಟ್ಟ ವರ್ಷವೇ ಕಂಡುಕೊಂಡಿದ್ದಳು.

ಆ ಮುಚ್ಚಳದ ಜೋಕಿಗೆ ಈಗ ಇಪ್ಪತ್ತೆರಡು ವರ್ಷ. ಲೋಯಾಂಗ್ ಇರುವ ಹೆನಾನ್ ಪ್ರಾಂತ್ಯದವರು ಕಳ್ಳರು, ಬೀದಿಯ ಮೋರಿ ಮುಚ್ಚಳವನ್ನೂ ಬಿಡದೆ ಕದ್ದು ಗುಜರಿಗೆ ಹಾಕುತ್ತಾರೆ ಎಂದು ಪೂರ್ವದ ಊರುಗಳವರು ಆಡಿಕೊಳ್ಳುವ ಮಾತು. ಫುಗೆನ್‌ನ ತಮ್ಮ ಲಿನ್‌ಗೆನ್ ಅವಳನ್ನು ಮದುವೆಗೆ ಮುಂಚೆ ಮನೆ ತೋರಿಸಲು ಕರೆತಂದ ದಿನ ಫುಗೆನ್ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿ, "ಸದ್ಯ, ನಮ್ಮ ಮುಚ್ಚಳ ಅಲ್ಲೇ ಇದೆ" ಎಂದಿದ್ದ. ಆಮೇಲೆ ಪ್ರತಿ ಹೊಸವರ್ಷದ ಊಟಕ್ಕೆ ಅದೇ ಜೋಕು, ಅದೇ ನಗು, ಅದೇ "ಬೇಜಾರು ಮಾಡ್ಕೋಬೇಡಮ್ಮ". ಒಂದು ಜೋಕನ್ನು ಇಪ್ಪತ್ತೆರಡು ವರ್ಷ ಬದಲಾಯಿಸಲಾರದ ತಲೆ ಅದು. ಅವಳ ಗಂಡ ಲಿನ್‌ಗೆನ್ ಆಗೆಲ್ಲ ಸಾರಿನ ಬಟ್ಟಲೊಳಗೆ ಮುಖ ಇಳಿಬಿಟ್ಟು ಸುರ್ರೆಂದು ಕುಡಿಯುತ್ತಾನೆ. ಆಮೇಲೆ ಕೇಳಿದರೆ "ಅಯ್ಯೋ ಬಿಡೆ, ಅಣ್ಣನ ಬಾಯೇ ಅಂಥದ್ದು" ಎನ್ನುತ್ತಾನೆ. ಅವನ ಬೆನ್ನುಮೂಳೆ ಎಲ್ಲಿದೆಯೆಂದು ಹುಡುಕುವುದನ್ನು ಅವಳು ಎಂದೋ ಬಿಟ್ಟಿದ್ದಳು.

ಅತ್ತೆ ಬಾವೋದಿ ಜೋಕಿಗೆ ನಗುತ್ತಿರಲಿಲ್ಲ. ನಿಲ್ಲಿಸಿರೋ ಎಂದು ಗದರುತ್ತಲೂ ಇರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಯಾರದಾದರೂ ಬಟ್ಟಲಿಗೆ ಅನ್ನ ಬಡಿಸುತ್ತಿದ್ದರು.

ಇಷ್ಟು ವರ್ಷ ಲೋಯಾಂಗ್ ಎಂದರೆ ಈ ಮನೆಯವರಿಗೆ ಧೂಳು, ಬಡವರು, ಕಳ್ಳರು. ಈಗ ಯಾಜೆನ್‌ಳ ನೃತ್ಯದ ಗುಂಪಿನ ಗೆಳತಿಯೊಬ್ಬಳು ಅಲ್ಲಿಗೆ ಹೋಗಿ, ತಾಂಗ್ ಕಾಲದ ರಾಣಿಯ ಉಡುಪು ಬಾಡಿಗೆಗೆ ತೊಟ್ಟು, ಹಣೆಗೆ ಹೂವಿನ ಚಿತ್ರ ಬರೆಸಿಕೊಂಡು, ಕೋಟೆ ಬಾಗಿಲ ಮುಂದೆ ನಿಂತು ವಿಡಿಯೋ ಹಾಕಿದ್ದೇ ತಡ, ಅದೇ ಊರು ಪವಿತ್ರ ಪುರಾತನ ನಗರವಾಗಿಬಿಟ್ಟಿತು! ಅಮ್ಮನಿಗೆ ಹೂವು ತೋರಿಸುವುದಂತೆ. ಅಮ್ಮ ಬರೀ ನೆಪ, ರಾಣಿ ಉಡುಪಿನ ಮೇಲೆ ಕಣ್ಣು ಎಂದು ಶೂಮಿನ್‌ಗೆ ಖಾತ್ರಿಯಿತ್ತು. ಹುಟ್ಟಿ ಬೆಳೆದವಳು ಎದುರಿಗೇ ಕೂತಿರುವಾಗ, ನಿಮ್ಮೂರಿನಲ್ಲಿ ಏನು ನೋಡೋಣ, ಎಲ್ಲಿ ಉಣ್ಣೋಣ, ನಿನ್ನ ತಮ್ಮ ಹೇಗಿದ್ದಾನೆ ಎಂದು ಒಂದು ಮಾತು? ಊಹೂಂ. ಅಂದು ರಾತ್ರಿಯ ಪಾತ್ರೆ ತೊಳೆಯುತ್ತ ಅವಳು ತೀರ್ಮಾನಿಸಿದಳು. ಹೋಗಲಿ. ಐದೂ ಜನ ಹೋಗಿ ಎಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ. ಯಾಜೆನ್‌ಳ ಮುಖ ಆಗ ಹೇಗಿರುತ್ತದೋ ನೋಡಬೇಕು.

ಮೇಲಿಂದ ಮೇಲೆ ಪ್ಲಾನುಗಳು ಬಂದವು. 'ಅಕ್ಕರೆಯ ಕುಟುಂಬ' ಎಂದು ಯಾಜೆನ್ ತಾನೇ ಹೆಸರಿಟ್ಟ ಫೋನಿನ ಗುಂಪಿನಲ್ಲಿ ಎರಡು ದಿನಕ್ಕೊಂದರಂತೆ ಹೊಸದು. ಮೂರನೇ ಪ್ಲಾನಿನಲ್ಲಿ ಬೆಳಗಿನ ಆರೂಐವತ್ತಕ್ಕೆ 'ಎಲ್ಲರೂ ಶೌಚಾಲಯ' ಎಂದಿತ್ತು. ಐದನೆಯದರಲ್ಲಿ ಅದನ್ನು ಆರೂನಲವತ್ತಕ್ಕೆ ಸರಿಸಿ, ತಿದ್ದಿದ ಜಾಗಕ್ಕೆ ಕೆಂಪು ಬಣ್ಣ ಹಚ್ಚಿದ್ದಳು. ಯಾವ ಅಂಗಡಿಯ ಮುಂದೆ ಎಷ್ಟು ಹೊತ್ತು ಸಾಲು ನಿಲ್ಲಬೇಕು, ಯಾವ ಮೆಟ್ಟಿಲ ಮೇಲೆ ಯಾರು ಎಡಕ್ಕೆ ಯಾರು ಬಲಕ್ಕೆ, ಎಲ್ಲಾ ಬರೆದಿತ್ತು. ದನದ ಮಾಂಸದ ಸೂಪಿಗೆ ಮಧ್ಯಾಹ್ನ ಹನ್ನೆರಡೂವರೆಗೆ, ವಿಡಿಯೋದಲ್ಲಿ ಹೆಸರಾದ ಯಾವುದೋ ಅಂಗಡಿಯಲ್ಲಿ, ಎರಡು ತಾಸು ಕಾಯುವುದು. ಶೂಮಿನ್ ಅದನ್ನು ಓದಿ ಮೂಗು ಮುರಿದಳು. ಲೋಯಾಂಗಿನಲ್ಲಿ ಆ ಸೂಪನ್ನು ಬೆಳಕು ಹರಿಯುವ ಹೊತ್ತಿಗೆ ಕುಡಿಯುತ್ತಾರೆ, ಮೊದಲ ಹಂಡೆಯದು, ರೊಟ್ಟಿ ಚೂರು ಮಾಡಿ ಅದ್ದಿಕೊಂಡು. ಮಧ್ಯಾಹ್ನ ಹನ್ನೆರಡೂವರೆಗೆ ಕುಡಿಯುವುದು ಹಂಡೆ ತೊಳೆದ ನೀರನ್ನು. ಅವಳ ತಮ್ಮ ಜಿಯಾನ್‌ಶೆ ಹಳೇ ಊರಿನ ಗಲ್ಲಿಯಲ್ಲಿ ಹದಿನಾರು ವರ್ಷದಿಂದ ಅದೇ ಸೂಪಿನ ಅಂಗಡಿ ಇಟ್ಟುಕೊಂಡಿದ್ದ. ಹದಿನಾಲ್ಕು ಪ್ಲಾನುಗಳಲ್ಲಿ ಒಂದರಲ್ಲೂ ಅವನ ಗಲ್ಲಿ ಬರಲಿಲ್ಲ.

ಆರನೇ ಪ್ಲಾನಿನಲ್ಲಿ ವೇಷಗಳ ಪಟ್ಟಿ ಬಂತು. ಯಾಜೆನ್ ಮಹಾರಾಣಿ. ಹೊಟ್ಟೆಯ ಮೇಲೆ ಬೆಲ್ಟು ನಿಲ್ಲದ ಫುಗೆನ್ ಸೇನಾಪತಿ. ಫೋನು ಬಿಟ್ಟು ಇನ್ನೇನನ್ನೂ ಓದದ ಲಿನ್‌ಗೆನ್ ಪಂಡಿತ. ಅತ್ತೆ ರಾಜಮಾತೆ. ಶೂಮಿನ್‌ಳ ಹೆಸರಿನ ಮುಂದೆ 'ಅಂತಃಪುರದ ದಾಸಿ' ಎಂದಿತ್ತು.

ಗುಂಪಿನಲ್ಲಿ ಅವಳು ಏನೂ ಬರೆಯದಿದ್ದಾಗ ಯಾಜೆನ್ ಫೋನೇ ಮಾಡಿದಳು. "ತಪ್ಪು ತಿಳ್ಕೋಬೇಡ ಕಣೇ. ನಿನ್ನ ಎತ್ತರಕ್ಕೆ ರಾಣಿ ಡ್ರೆಸ್ ನೆಲಕ್ಕೆ ಎಳೆಯುತ್ತೆ. ದಾಸೀದು ಗಿಡ್ಡಕ್ಕೆ ಚೆನ್ನಾಗಿ ಕೂರುತ್ತೆ. ಕೈಗೆ ಒಂದು ಬೀಸಣಿಗೇನೂ ಕೊಡ್ತಾರೆ."

"ಸರಿ ಅಕ್ಕ. ಬೀಸಣಿಗೆ ಇದ್ರೆ ಸಾಕು," ಎಂದಳು ಶೂಮಿನ್. ಫೋನಿಟ್ಟು, ಬೀಸಣಿಗೆ ಹಿಡಿದ ದಾಸಿಯ ಮುಂದೆ ಹೂವಿಲ್ಲದ ತೋಟದಲ್ಲಿ ನಿಂತ ಮಹಾರಾಣಿಯನ್ನು ನೆನೆದು, ಅಡಿಗೆಮನೆಯಲ್ಲಿ ಒಬ್ಬಳೇ ನಕ್ಕಳು. ಅವಳಿಗೆ ಆ ಏಪ್ರಿಲ್ ತಿಂಗಳಷ್ಟು ಸುಖವಾದ ತಿಂಗಳು ವರ್ಷಗಳಿಂದ ಬಂದಿರಲಿಲ್ಲ.

ಆದರೆ ಅತ್ತೆಯ ವಿಷಯ ಒಂದಿತ್ತು. ಅದನ್ನೂ ಅವಳು ತನ್ನ ಮಟ್ಟಿಗೆ ಇತ್ಯರ್ಥ ಮಾಡಿಕೊಂಡಿದ್ದಳು.

ಅತ್ತೆ ಶೂಮಿನ್ ಮತ್ತು ಲಿನ್‌ಗೆನ್ ಜತೆಗೇ, ಇದೇ ಮನೆಯಲ್ಲಿ ಇರುವವರು. ಮೂವತ್ತೊಂದು ವರ್ಷ ಎನಾಮೆಲ್ ಕಾರ್ಖಾನೆಯಲ್ಲಿ ಬೋಗುಣಿಗಳಿಗೆ ಹೂವು ಹಾಕಿದವರು. ಕತ್ತರಿಸಿದ ತಗಡಿನ ಅಚ್ಚು ಬೋಗುಣಿಯ ತಳಕ್ಕಿಟ್ಟು, ಕೊಳವೆಯಿಂದ ಬಣ್ಣ ಊದುವುದು. ಮೊದಲು ತಿಳಿಗುಲಾಬಿ, ಅದು ಆರಿದಮೇಲೆ ಎಲೆಯ ಹಸಿರು, ಕೊನೆಗೆ ಹೂವಿನ ನಡುವೆ ಕೆಂಪು. ದಿನಕ್ಕೆ ಇನ್ನೂರು ಬೋಗುಣಿ, ಎಲ್ಲದರ ಮೇಲೂ ಪಿಯೋನಿ. ಆ ಕಾಲದಲ್ಲಿ ಪಿಯೋನಿಯ ಬೋಗುಣಿ ಜೋಡಿಯಿಲ್ಲದೆ ಯಾವ ಮದುವೆಯೂ ಆಗುತ್ತಿರಲಿಲ್ಲ. ಲಕ್ಷಗಟ್ಟಲೆ ಹೂವು ಬಿಡಿಸಿದ ಆ ಕೈ ನಿಜವಾದ ಒಂದು ಹೂವನ್ನು ಮುಟ್ಟಿರಲಿಲ್ಲ. ಶೂಮಿನ್‌ಳ ಮದುವೆಗೂ ಅವರು ತಾವೇ ಊದಿದ ಎರಡು ಬೋಗುಣಿ ಕೊಟ್ಟಿದ್ದರು. ಒಂದು ತುಕ್ಕು ಹಿಡಿದು ಹೋಗಿ, ಇನ್ನೊಂದರಲ್ಲಿ ಅವಳು ಈಗಲೂ ಸೊಪ್ಪು ತೊಳೆಯುತ್ತಿದ್ದಳು.

ಎರಡು ವರ್ಷದಿಂದ ಅತ್ತೆಯ ಕಣ್ಣು ಮಂಜಾಗುತ್ತ ಬಂದಿತ್ತು. ಹೋದ ತಿಂಗಳು ಒಬ್ಬರೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋಗಿಬಂದು, "ಪೊರೆ ಅಂತೆ, ಚಳಿಗಾಲಕ್ಕೆ ಮುಂಚೆ ತೆಗೆಸಿದ್ರೆ ಸಾಕಂತೆ" ಎಂದಿದ್ದರು. ಶೂಮಿನ್‌ಳ ಲೆಕ್ಕ ಅಲ್ಲಿಂದ ಹೊರಟಿತ್ತು. ಪೊರೆ ತೆಗೆಸಿದ ಮೇಲೆ, ಬರುವ ವರ್ಷ ಏಪ್ರಿಲ್ ಹತ್ತಕ್ಕೆ, ಜನಜಂಗುಳಿಯಿಲ್ಲದ ವಾರದ ದಿನ, ತಾನೇ ಅತ್ತೆಯನ್ನು ಕರೆದೊಯ್ಯುವುದು. ಇಬ್ಬರೇ. ಬೆಳಿಗ್ಗೆ ಜಿಯಾನ್‌ಶೆಯ ಅಂಗಡಿಯಲ್ಲಿ ಮೊದಲ ಹಂಡೆಯ ಸೂಪು, ಆರೂವರೆಗೆ ತೋಟ, ಇಬ್ಬನಿ ಆರಿರದ ಹೂವು. ಆಗ ಒಂದೇ ಒಂದು ಫೋಟೋ ತೆಗೆದು 'ಅಕ್ಕರೆಯ ಕುಟುಂಬ'ಕ್ಕೆ ಹಾಕುವುದು, ಕೆಳಗೆ ಏನೂ ಬರೆಯದೆ. ಅತ್ತೆಯ ಮೇಲೆ ಅವಳಿಗೆ ಪ್ರೀತಿಯಿರಲಿಲ್ಲವೆಂದಲ್ಲ. ಇತ್ತು. ಆದರೆ ಆ ಕನಸಿನಲ್ಲಿ ಅವಳು ಮತ್ತೆ ಮತ್ತೆ ನೋಡುತ್ತಿದ್ದದ್ದು ಅತ್ತೆಯ ಮುಖವನ್ನಲ್ಲ, ಫೋಟೋ ನೋಡುವ ಯಾಜೆನ್‌ಳ ಮುಖವನ್ನು. ಹೂವು ಎಲ್ಲಿಗೆ ಓಡಿಹೋಗುತ್ತದೆ, ವರ್ಷವರ್ಷವೂ ಬಿಡುತ್ತದಲ್ಲ ಎಂದು ಸಮಾಧಾನ ಹೇಳಿಕೊಂಡಳು.

ಏಪ್ರಿಲ್ ಹದಿನೇಳಕ್ಕೆ ರೈಲಿನ ಟಿಕೆಟ್ ಬಿಡುವ ದಿನ. ರಜೆಯ ಟಿಕೆಟ್ಟೆಂದರೆ ತೆರೆದ ಗಳಿಗೆಗೇ ಖಾಲಿ. ಯಾಜೆನ್ ಎಲ್ಲರನ್ನೂ ಶೂಮಿನ್‌ಳ ಮನೆಯಲ್ಲಿ ಸೇರಿಸಿ, ಮೇಜಿನ ಸುತ್ತ ಕೂರಿಸಿ, ಒಬ್ಬೊಬ್ಬರ ಕೈಗೂ ಫೋನು ಕೊಟ್ಟು, ಕವಾಯತು ಮಾಡಿಸಿದಳು.

"ಒಂದು, ಯಾರೂ ಮಾತಾಡಬಾರದು. ಎರಡು, ನಾನು ಹೇಳಿದ ತಕ್ಷಣ ಒತ್ತಬೇಕು. ಮೂರು, ಫುಗೆನ್, ಕೈ ಒರೆಸ್ಕೊಳ್ರೀ, ಎಣ್ಣೆ ಬೆರಳಿಗೆ ಫೋನು ಕೇಳಲ್ಲ!"

"ಒತ್ತಿದೆ! ಸುತ್ತುತ್ತಾ ಇದೆ, ಸುತ್ತುತ್ತಾ ಇದೆ," ಎಂದು ಫುಗೆನ್ ಕೂಗಿದ.

"ಕೂಗಬೇಡಿ ಅಂದ್ನಲ್ಲ!"

ಕೊನೆಗೆ ಟಿಕೆಟ್ ಸಿಕ್ಕಿದ್ದು ಯಾರೂ ಲೆಕ್ಕಕ್ಕೆ ಹಿಡಿಯದ ಲಿನ್‌ಗೆನ್‌ನ ಫೋನಿಗೆ. ಅವನು ಮೆಡಲು ಬಂದವನಂತೆ ಹಲ್ಲು ಬಿಟ್ಟು ಕೂತ. ಅತ್ತೆ ಕಿಟಕಿಯ ಬೆಳಕಿಗೆ ಹತ್ತಿರ ಕುರ್ಚಿ ಎಳೆದುಕೊಂಡು, ಮಡಿಲಲ್ಲಿ ಅದೇ ಪಿಯೋನಿಯ ಬೋಗುಣಿ ಇಟ್ಟು ಹಸಿ ಕಾಳು ಸುಲಿಯುತ್ತಿದ್ದರು.

ಟಿಕೆಟ್ಟು ಕೈಗೆ ಬಂದಾಗ ಶೂಮಿನ್ ಯಾಜೆನ್‌ಳತ್ತ ತಿರುಗಿದಳು. "ಅಕ್ಕ," ಎಂದಳು, "ಹೂವಿನ ವಿಷಯ ಒಂದ್ಸಲ ಅಲ್ಲಿ ಯಾರನ್ನಾದ್ರೂ ವಿಚಾರಿಸಿದ್ರಾ?"

"ವಿಚಾರಿಸೋದೇನು? ಪಿಯೋನಿ ಉತ್ಸವ ಮೇ ಐದರವರೆಗೆ ಅಂತ ಅಚ್ಚಾಗಿದೆ. ಹೂವಿಲ್ದೆ ಉತ್ಸವ ಮಾಡ್ತಾರಾ?" ಯಾಜೆನ್ ಫೋನಿನಿಂದ ತಲೆ ಎತ್ತಲಿಲ್ಲ. "ನೀನು ಊರು ಬಿಟ್ಟು ಯಾವ ಕಾಲ ಆಯ್ತು. ನಿನ್ನ ಆ ಕಾರ್ಖಾನೆ ಕೇರಿ, ಕಲ್ಲಿದ್ದಲ ಹೊಗೆ, ಅದೆಲ್ಲ ಹಳೇದು. ಈಗಿನ ಲೋಯಾಂಗ್ ನಿನಗಿಂತ ನನಗೇ ಚೆನ್ನಾಗಿ ಗೊತ್ತು. ಮೂವತ್ತು ವಿಡಿಯೋ ನೋಡಿದೀನಿ."

"ಹೌದು ಬಿಡಿ ಅಕ್ಕ. ನಿಮಗೇ ಗೊತ್ತಿರೋದು."

ಕಿಟಕಿಯ ಬಳಿ ಕಾಳು ಬೀಳುವ ಸದ್ದು ನಿಂತಿತು. ಅತ್ತೆ ಇತ್ತ ಮುಖ ತಿರುಗಿಸಿ ಶೂಮಿನ್‌ಳನ್ನು ನೋಡಿದರು. ಸ್ವಲ್ಪ ಹೊತ್ತು ಹಾಗೇ ನೋಡಿ, ಮತ್ತೆ ಸುಲಿಯತೊಡಗಿದರು. ಶೂಮಿನ್‌ಗೆ ಅದು ಅಷ್ಟಾಗಿ ತಟ್ಟಲಿಲ್ಲ. ಕೇಳುವುದು ಕೇಳಿಯಾಯಿತು, ತನ್ನ ಕರ್ತವ್ಯ ಮುಗಿಯಿತು ಎಂದು ಅವಳಿಗೆ ಹಗುರವಾಗಿತ್ತು. ಕೇಳಿದ್ದಳೇ ಹೊರತು ಹೇಳಿರಲಿಲ್ಲ ಎನ್ನುವುದನ್ನು ಅವಳು ತನಗೂ ಹೇಳಿಕೊಳ್ಳಲಿಲ್ಲ. ಅಂದಿಗೆ ಲೋಯಾಂಗಿನ ತೋಟಗಳಲ್ಲಿ ಹೂವು ಇನ್ನೂ ತುಂಬಿತ್ತು.

ಏಪ್ರಿಲ್ ಇಪ್ಪತ್ತಾರು ಭಾನುವಾರ. ಮೇ ತಿಂಗಳಲ್ಲಿ ಐದು ದಿನ ಒಟ್ಟಿಗೆ ಕೊಡುವ ರಜೆಗೆ ಬದಲಾಗಿ ಆ ಭಾನುವಾರ ದೇಶವೆಲ್ಲ ಕೆಲಸಕ್ಕೆ ಹೋಗಬೇಕು. ಕೊಟ್ಟಂತೆ ಮಾಡಿ ಕಿತ್ತುಕೊಳ್ಳುವ ಈ ಉಪಕಾರಕ್ಕೆ ಜನ ಪ್ರತಿ ವರ್ಷ ಬೈದುಕೊಂಡೇ ಹೋಗುತ್ತಾರೆ. ಶೂಮಿನ್ ಬ್ಯಾಟರಿ ಸ್ಕೂಟರಿನ ಮೋಟಾರು ಪರೀಕ್ಷಿಸುವ ಕೆಲಸ ಮುಗಿಸಿ ಸಂಜೆ ಐದೂವರೆಗೆ ಮನೆಗೆ ಬಂದಳು. ಲಿನ್‌ಗೆನ್ ಇನ್ನೂ ಬಂದಿರಲಿಲ್ಲ. ಫೋನಿನಲ್ಲಿ ಹದಿನಾಲ್ಕನೇ ಪ್ಲಾನು ಬಂದು ಬಿದ್ದಿತ್ತು. ಎರಡನೇ ದಿನ, ಬೆಳಿಗ್ಗೆ ಎಂಟೂವರೆ, ಪಿಯೋನಿ ತೋಟ, ಎಲ್ಲರ ಮುಖದಲ್ಲೂ ನಗು. ಅದರ ಕೆಳಗೆ, 'ಎಲ್ಲರೂ ಗುರುತಿನ ಚೀಟಿಯ ಎರಡೂ ಬದಿಯ ಫೋಟೋ ಇವತ್ತೇ ಕಳಿಸತಕ್ಕದ್ದು. ಅಮ್ಮನದು ಶೂಮಿನ್ ಕಳಿಸತಕ್ಕದ್ದು.'

"ಕಳಿಸತಕ್ಕದ್ದಂತೆ, ಮಹಾರಾಣಿ ಅಪ್ಪಣೆ," ಎಂದು ಗೊಣಗಿಕೊಂಡು ಅವಳು ಅತ್ತೆಯ ಕೋಣೆಗೆ ಹೋದಳು. "ಅಮ್ಮ, ನಿಮ್ಮ ಗುರುತಿನ ಚೀಟಿ ಎಲ್ಲಿ?"

"ಬಿಸ್ಕತ್ತಿನ ಡಬ್ಬೀಲಿ, ಕಪಾಟಿನ ಮೇಲೆ," ಎಂದರು ಅತ್ತೆ ಮಂಚದ ಅಂಚಿಗೆ ಕೂತಲ್ಲಿಂದ. ಹೇಳಿ, ಏನೋ ನೆನಪಾದವರಂತೆ, "ಇರು, ನಾನೇ ತೆಗೀತೀನಿ" ಎಂದು ಎದ್ದರು. ಅಷ್ಟರಲ್ಲಿ ಶೂಮಿನ್ ಡಬ್ಬಿ ತೆರೆದಾಗಿತ್ತು.

ಚೀಟಿಯ ಕೆಳಗೇ ಆಸ್ಪತ್ರೆಯ ಕಾಗದ. ಮಾರ್ಚ್ ಹತ್ತೊಂಬತ್ತರದು. ಅವಳು ಓದಿದಳು. ಪೊರೆಯ ಸುದ್ದಿ ಅದರಲ್ಲಿರಲಿಲ್ಲ. ಎರಡೂ ಕಣ್ಣಿನ ಒಳಪರದೆಯ ನಡುಭಾಗ ಸವೆದಿದೆ, ವಯಸ್ಸಿನಿಂದ ಬಂದದ್ದು, ಹೋದ ನೋಟ ಮರಳುವುದಿಲ್ಲ, ಮುಂದಿನ ತಪಾಸಣೆಗೆ ಮನೆಯವರನ್ನು ಕರೆತರುವುದು.

"ಅಮ್ಮ, ಇದೇನಿದು?"

ಅತ್ತೆ ಮತ್ತೆ ಮಂಚದ ಮೇಲೆ ಕೂತರು. "ಅದೇ ಕಣೆ. ನಡುವಿಂದ ಹೋಗ್ತಾ ಬರುತ್ತಂತೆ. ಅಂಚು ಉಳಿಯುತ್ತೆ. ಈ ಚಳಿಗಾಲದವರೆಗೆ ಇದ್ದೀತು ಅಂದ ಡಾಕ್ಟ್ರು. ಈಗ್ಲೂ ನಿನ್ನ ಮುಖ ನೋಡಿದ್ರೆ ಮೂಗಿರೋ ಕಡೆ ಹೊಗೆ. ಕಿವಿ ಚೆನ್ನಾಗಿ ಕಾಣುತ್ತೆ."

"ಯಾರಿಗೂ ಹೇಳ್ಲಿಲ್ವಲ್ಲ ನೀವು!"

"ಹೇಳಿದ್ರೆ ಏನು ಮಾಡ್ತಿದ್ರಿ? ದೊಡ್ಡವಳು ಅದಕ್ಕೂ ಒಂದು, ಎರಡು, ಮೂರು ಅಂತ ಶುರು ಮಾಡ್ತಿದ್ಳು." ಅತ್ತೆ ನಕ್ಕರು. "ಅಷ್ಟೊತ್ತಿಗೆ ಅವಳೇ ಲೋಯಾಂಗ್ ಅಂದ್ಳು. ಒಳ್ಳೇದಾಯ್ತು ಅಂದ್ಕೊಂಡೆ. ಮೂವತ್ತೊಂದು ವರ್ಷ ಆ ಹೂವಿನ ನಡುವೆ ಕೆಂಪು ಊದಿದೀನಿ. ಸರಿಯೋ ತಪ್ಪೋ ಗೊತ್ತಿಲ್ಲ. ಒಂದ್ಸಲ ನಡುವೆ ಏನಿದೆ ನೋಡ್ಬೇಕಿತ್ತು."

ಶೂಮಿನ್ ಕಪಾಟಿಗೆ ಬೆನ್ನು ಕೊಟ್ಟು ನಿಂತಳು. ಬರುವ ವರ್ಷದ ಏಪ್ರಿಲ್ ಹತ್ತು, ಮೊದಲ ಹಂಡೆಯ ಸೂಪು, ಇಬ್ಬನಿ, ಕೆಳಗೆ ಏನೂ ಬರೆಯದ ಫೋಟೋ. ಅಷ್ಟು ಜತನವಾಗಿ ಕಟ್ಟಿದ್ದೆಲ್ಲ ಆ ಒಂದು ಕಾಗದದ ಮುಂದೆ ಎಷ್ಟು ಕೀಳಾಗಿ ಕಂಡಿತೆಂದರೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅಮ್ಮ, ಮೇ ಒಂದಕ್ಕೆ..." ಎಂದಳು. ಇಪ್ಪತ್ತೆರಡು ದಿನದಿಂದ ನಾಲಿಗೆಯ ಕೆಳಗಿಟ್ಟುಕೊಂಡ ಮಾತು ಈಗ ಹೊರಗೆ ಬರಲೊಲ್ಲದು. "ಮೇ ಒಂದಕ್ಕೆ ಹೂವು ಇರಲ್ಲಮ್ಮ."

"ಗೊತ್ತು," ಎಂದರು ಅತ್ತೆ.

"ಗೊತ್ತಾ?"

"ನಮ್ಮ ಅಚ್ಚಿನ ಮೇಸ್ತ್ರಿ ಅದನ್ನ ಧಾನ್ಯಮಳೆಯ ಹೂವು ಅಂತಲೇ ಕರೀತಿದ್ದ. ಪಂಚಾಂಗದ ಧಾನ್ಯಮಳೆ ಹುಟ್ಟೋ ದಿನದವರೆಗೆ ಅರಳೋದು, ಅದು ದಾಟಿದ್ರೆ ಮುಗೀತು. ಈ ವರ್ಷ ಧಾನ್ಯಮಳೆ ಇಪ್ಪತ್ತಕ್ಕೇ ಬಂತಲ್ಲ. ಗೋಡೆ ಮೇಲಿನ ಕ್ಯಾಲೆಂಡರಲ್ಲಿ ಎಷ್ಟು ದಪ್ಪಕ್ಷರದಲ್ಲಿ ಹಾಕಿದಾರೆ, ನನಗೇ ಕಾಣಿಸ್ತು."

"ಮತ್ತೆ ಯಾಕಮ್ಮ ಸುಮ್ಮನಿದ್ರಿ? ಅಕ್ಕನಿಗೆ ಹೇಳ್ಬೋದಿತ್ತಲ್ಲ!"

"ಅವಳಿಗೆ ಗೊತ್ತಿಲ್ಲ ಪಾಪ, ಕುಣೀತಾ ಇದ್ಳು." ಅತ್ತೆ ಅವಳತ್ತ ಮುಖ ಎತ್ತಿದರು, ನೇರವಾಗಿ ನೋಡದೆ, ಸ್ವಲ್ಪ ಓರೆಯಾಗಿ, ಉಳಿದ ಅಂಚಿನಿಂದ. "ನಿನಗೆ ಗೊತ್ತಿತ್ತು. ನೀನು ಹೇಳ್ತೀಯ ಅಂತ ಕಾದೆ. ಆವತ್ತು ಟಿಕೆಟ್ ತಗೊಳ್ಳೋವಾಗ ಬಾಯಿವರೆಗೂ ಬಂದಿತ್ತು ನಿನಗೆ. ನುಂಗಿಬಿಟ್ಟೆ."

ಶೂಮಿನ್‌ಗೆ ರೋಷ ಬಂತು. ಆ ಕ್ಷಣಕ್ಕೆ ಕೈಗೆ ಸಿಕ್ಕಿದ್ದು ಅದೊಂದೇ. "ನುಂಗದೆ ಏನು ಮಾಡ್ಲಿ? ಇಪ್ಪತ್ತೆರಡು ವರ್ಷ ಆಯ್ತು, ಕಳ್ಳರ ಊರೋಳು, ಮುಚ್ಚಳದೋಳು. ಒಂದು ದಿನ ಯಾರಾದ್ರೂ ತಡೆದ್ರಾ? ನೀವು ತಡೆದ್ರಾ ಅಮ್ಮ?"

"ಇಲ್ಲ," ಎಂದರು ಅತ್ತೆ. "ಅನ್ನ ಬಡಿಸ್ತಾ ಕೂತಿದ್ದೆ. ಅದಕ್ಕೇ ನಿನ್ನ ಕೇಳ್ಲಿಲ್ಲ ಕಣೆ. ಯಾವ ಬಾಯಲ್ಲಿ ಕೇಳ್ಲಿ?"

ಕೆಳಗೆ ಬೀದಿಯಲ್ಲಿ ಯಾರದೋ ಸ್ಕೂಟರು ಮುಚ್ಚಳದ ಮೇಲೆ ಹಾದು ಢಣ್ಣೆಂದಿತು. ಇಬ್ಬರಿಗೂ ಕೇಳಿಸಿತು.

ಶೂಮಿನ್ ತಮ್ಮನಿಗೆ ಫೋನು ಹಚ್ಚಿದಳು. ನಾಳೆ ಬೆಳಗಿನ ಮೊದಲ ರೈಲು ಹಿಡಿದರೆ, ಮಧ್ಯಾಹ್ನದೊಳಗೆ ತೋಟ ಮುಟ್ಟಿದರೆ, ತಡವಾಗಿ ಬಿಡುವ ಗಿಡಗಳಲ್ಲಿ ಒಂದಾದರೂ ಉಳಿದಿದ್ದರೆ. ಕೆಲಸ ಹಾಳಾಗಲಿ, ರಜೆ ಹಾಳಾಗಲಿ.

"ಪಿಯೋನಿಯಾ? ಎಲ್ಲಿದೆ ಅಕ್ಕ ಈಗ?" ಎಂದ ಜಿಯಾನ್‌ಶೆ. ಹಿಂದೆ ಅಂಗಡಿಯ ಬಟ್ಟಲುಗಳ ಸದ್ದು. "ಮೊನ್ನೆ ಎರಡು ದಿನ ಗಾಳಿ, ಜತೆಗೆ ಮಳೆ. ಬೆಳಿಗ್ಗೆ ತೋಟದ ಕಡೆಯಿಂದ್ಲೇ ಬಂದೆ, ಪಕಳೆ ಗುಡಿಸಿ ಗಾಡಿಗೆ ತುಂಬ್ತಾ ಇದ್ರು. ನಿನಗೆ ಗೊತ್ತಿಲ್ದೇ ಇರೋದಾ ಇದು? ಹೋದ ವಾರ ಬಂದಿದ್ರೆ ಬೇಕಾದಷ್ಟಿತ್ತು."

"ಗೊತ್ತು ಕಣೋ," ಎಂದಳು. ಫೋನಿಟ್ಟಳು.

ಅತ್ತೆ ಕೇಳಿಸಿಕೊಂಡಿದ್ದರು. ಮಂಚದ ಮೇಲಿನ ಹಾಸಿನ ಸುಕ್ಕು ಕೈಯಿಂದ ತೀಡುತ್ತಿದ್ದರು. "ಹೋಗಲಿ ಬಿಡು. ಎಲೆ ನೋಡ್ಕೊಂಡು ಬರೋಣ. ಎಲೇನೂ ನಾವು ಅಂದಾಜಿನ ಮೇಲೇ ಹಾಕ್ತಿದ್ದಿದ್ದು." ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು. "ನಡುವೆ ಏನು ಬಣ್ಣ ಇರುತ್ತೆ, ಶೂಮಿನ್? ನೀನು ನೋಡಿದೀಯಲ್ಲ."

"ಹಳದಿ, ಅಮ್ಮ."

"ಹಳದಿಯಾ?"

"ಹಳದಿ. ಎಳೆ ಎಳೆಯಾಗಿ, ಒತ್ತೊತ್ತಾಗಿ. ಮುಟ್ಟಿದ್ರೆ ಬೆರಳಿಗೆ ಪುಡಿ ಅಂಟುತ್ತೆ."

"ಅಯ್ಯೋ, ಅಷ್ಟೂ ಬೋಗುಣಿ ತಪ್ಪೇ ಹಾಗಾದ್ರೆ," ಎಂದು ಅತ್ತೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

ಶೂಮಿನ್‌ಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡಿಗೆಮನೆಗೆ ಬಂದು ಫೋನು ತೆರೆದಳು. ಹದಿನಾಲ್ಕನೇ ಪ್ಲಾನಿನ ಕೆಳಗೆ ಫುಗೆನ್ ಹೆಬ್ಬೆರಳಿನ ಚಿತ್ರ ಹಾಕಿದ್ದ, ಲಿನ್‌ಗೆನ್ ಎರಡು ಹಾಕಿದ್ದ. ಅವಳು ಬರೆದಳು: 'ಪಿಯೋನಿ ಮುಗಿದಿದೆ. ಮೇ ಒಂದಕ್ಕೆ ಅಲ್ಲಿ ಒಂದು ಹೂವೂ ಇರುವುದಿಲ್ಲ. ನನಗೆ ಮೊದಲ ದಿನದಿಂದಲೂ ಗೊತ್ತಿತ್ತು.' ಮೂರನೇ ವಾಕ್ಯವನ್ನು ಅಳಿಸಿದಳು. ಸೊಪ್ಪು ತೊಳೆಯುವ ಬೋಗುಣಿ ಎದುರಿಗೇ ಇತ್ತು, ಅದರ ತಳದಲ್ಲಿ ಕೆಂಪು ನಡುವಿನ ಗುಲಾಬಿ ಹೂವು. ಅಳಿಸಿದ್ದನ್ನು ಮತ್ತೆ ಬರೆದು ಕಳಿಸಿದಳು. ಕಳಿಸಿ, ಬೈಗುಳಕ್ಕೆ ಸಿದ್ಧಳಾಗಿ ನಿಂತಳು. ಒಂದು, ನೀನು ಇಂಥವಳು. ಎರಡು, ನಿಮ್ಮ ಊರವರೇ ಇಂಥವರು. ಅದು ಬಂದರೆ ಸಾಕು. ಅದಕ್ಕೆ ಕೊಡಲು ಅವಳ ಹತ್ತಿರ ಇಪ್ಪತ್ತೆರಡು ವರ್ಷದ ಉತ್ತರ ದಾಸ್ತಾನಿತ್ತು.

ಆಮೇಲೆ ಯಾಜೆನ್‌ಳ ದನಿಯ ಸಂದೇಶವೊಂದು ಬಂತು. ಗುಂಪಿಗಲ್ಲ, ಇವಳೊಬ್ಬಳಿಗೇ. ಶೂಮಿನ್ ಅದನ್ನು ಕಿವಿಗೆ ಹಿಡಿದಳು.

"ಗೊತ್ತಿತ್ತಾ?" ಎಂದಿತ್ತು ದನಿ. ನಡುವೆ ಉಸಿರಿನ ಸದ್ದು. "ಮತ್ತೆ ಯಾಕೆ ಹೇಳ್ಲಿಲ್ಲ, ಶೂಮಿನ್? ನಾನು ಅಮ್ಮನಿಗೋಸ್ಕರ ಅಲ್ವಾ ಮಾಡ್ತಾ ಇದ್ದಿದ್ದು."

ಅದರಲ್ಲಿ ಒಂದು, ಎರಡು, ಮೂರು ಇರಲಿಲ್ಲ. ಶೂಮಿನ್ ಅದನ್ನು ಇನ್ನೊಮ್ಮೆ ಹಾಕಿ ಕೇಳಿದಳು, ಮತ್ತೊಮ್ಮೆ ಹಾಕಿ ಕೇಳಿದಳು, ಎಲ್ಲಿಯಾದರೂ ಒಂದು ಚೂರು ತಾತ್ಸಾರ ಸಿಕ್ಕೀತೇ ಎಂದು. ಸಿಗಲಿಲ್ಲ.